ಸ್ಟೋದ ಫ್ರಂಟ್ ಫೋರ್: ಈ ಹಳೇ ಟ್ರೇಲ್‌ಗಳ ಕಥೆ ಏನು, ಫೆಬ್ರವರಿಯಲ್ಲಿ ಹೇಗಿರುತ್ತವೆ?

ವಾಲ್ತಮ್‌ವಾಸಿ

ಎಲ್ಲರಿಗೂ ನಮಸ್ಕಾರ. ಬೋಸ್ಟನ್ ಕಡೆಯ ಕನ್ನಡಿಗರಲ್ಲಿ ಸ್ಕೀ ಹುಚ್ಚು ಹಿಡಿದವರು ಇಲ್ಲಿ ಒಂದಷ್ಟು ಜನ ಇದ್ದೀರಿ ಅಂತ ಗೊತ್ತು. ಅದಕ್ಕೇ ಕೇಳುತ್ತಿದ್ದೇನೆ.

ಫೆಬ್ರವರಿಯಲ್ಲಿ ಮಕ್ಕಳ ಶಾಲೆಗೆ ರಜೆ ಇರುವಾಗ ವರ್ಮಾಂಟ್‌ನ ಸ್ಟೋಗೆ ಹೋಗುವ ಯೋಚನೆ ಇದೆ. ನೀಲಿ ಚೌಕದ, ಅಂದರೆ ಮಧ್ಯಮ ಕಷ್ಟದ ಟ್ರೇಲ್‌ಗಳನ್ನು (ಸ್ಕೀ ಇಳಿಯುವ ಹಾದಿಗಳನ್ನು) ಆರಾಮಾಗಿ ಇಳಿಯುತ್ತೇನೆ. ಅದಕ್ಕಿಂತ ಕಷ್ಟದ ಕಪ್ಪು ವಜ್ರದವನ್ನು ಬೇರೆ ಗುಡ್ಡಗಳಲ್ಲಿ ಇಳಿದಿದ್ದೇನೆ. ಚೆಂದ ಕಾಣದಿದ್ದರೂ ಬೀಳದೆ ಇಳಿದಿದ್ದೇನೆ ಅನ್ನಿ. ಆಫೀಸಿನಲ್ಲಿ ಒಬ್ಬರು ಫ್ರಂಟ್ ಫೋರ್ ಇಳಿಯದಿದ್ದರೆ ಅಷ್ಟು ದೂರ ಹೋಗಿದ್ದೂ ದಂಡ ಅಂತ ತಲೆಗೆ ಹುಳ ಬಿಟ್ಟಿದ್ದಾರೆ. ಗೋಟ್, ಸ್ಟಾರ್, ಲಿಫ್ಟ್‌ಲೈನ್, ನ್ಯಾಷನಲ್. ನಾಲ್ಕೂ ಎರಡು ವಜ್ರದವು, ಅಂದರೆ ಅತಿ ಕಷ್ಟದವು.

ಇವಕ್ಕೆ ಇಷ್ಟೊಂದು ಹೆಸರು ಯಾಕೆ? ರಾಕೀಸ್‌ನಲ್ಲಿ ಇವಕ್ಕಿಂತ ಕಡಿದಾದವು ಬೇಕಾದಷ್ಟಿವೆ ಅಲ್ವಾ? ಮತ್ತೆ, ಫೆಬ್ರವರಿ ನಡುವಿನಲ್ಲಿ ಅಲ್ಲಿ ಹಿಮ ನಿಜಕ್ಕೂ ಹೇಗಿರುತ್ತದೆ? ರೆಸಾರ್ಟ್‌ನ ಆಪ್‌ನಲ್ಲಿ ಯಾವಾಗಲೂ ಎಲ್ಲವೂ ಬಹಳ ಚೆನ್ನಾಗಿದೆ ಅಂತಲೇ ಇರುತ್ತದೆ. ಅದನ್ನು ನಂಬಿ ಹೊರಡುವ ವಯಸ್ಸು ದಾಟಿದೆ.

ಬರ್ಲಿಂಗ್ಟನ್ ಅಕ್ಕ

ಮೊದಲು ನಿಮ್ಮ ಎರಡನೇ ಪ್ರಶ್ನೆ, ಯಾಕಂದರೆ ಮೂಳೆ ಮುರಿಯುವುದು ಅಲ್ಲಿಂದ.

ನಾಲ್ಕನ್ನೂ ಒಂದೇ ಉಸಿರಿನಲ್ಲಿ ಹೇಳುವುದೇ ತಪ್ಪು. ನ್ಯಾಷನಲ್ ಮತ್ತು ಲಿಫ್ಟ್‌ಲೈನ್ ಅಗಲವಾಗಿವೆ. ಅಲ್ಲಿ ಯಂತ್ರದಿಂದ ಹಿಮ ಮಾಡುತ್ತಾರೆ. ವಿಂಚ್‌ನ ಹಗ್ಗ ಕಟ್ಟಿದ ಗ್ರೂಮರ್ (ಹಿಮ ಹದ ಮಾಡುವ ಯಂತ್ರ) ಓಡಿಸಿ ಆಗಾಗ ನೆಲವನ್ನು ಸಮ ಮಾಡುತ್ತಾರೆ. ಗೋಟ್ ಮತ್ತು ಸ್ಟಾರ್ ಹಾಗಲ್ಲ. ಮೇಲಿಂದ ಎಷ್ಟು ಬಿದ್ದಿದೆಯೋ ಅಷ್ಟೇ. ಬಂಡೆ, ಬೇರು, ಸಣ್ಣ ಝರಿ, ಎಲ್ಲದರ ಮೇಲೂ ಆಕಾಶ ಕೊಟ್ಟ ಹೊದಿಕೆ ಮಾತ್ರ. ಹೊದಿಕೆ ತೆಳ್ಳಗಿದ್ದರೆ ಟ್ರೇಲ್ ಮುಚ್ಚಿರುತ್ತಾರೆ. ತೆರೆದಿದ್ದರೂ 'ಥಿನ್ ಕವರ್' ಅಂತ ಬೋರ್ಡ್ ಹಾಕಿರುತ್ತಾರೆ.

ಹಾಗಾಗಿ ಆಪ್ ಬಿಡಿ, ಕೋಲು ನೋಡಿ. ಸ್ಟೋದ ಈ ಟ್ರೇಲ್‌ಗಳಿರುವ ಮ್ಯಾನ್ಸ್‌ಫೀಲ್ಡ್ ಬೆಟ್ಟದ ಮೇಲೆ, ಟಿವಿ ಪ್ರಸಾರ ಕೇಂದ್ರದ ಹತ್ತಿರ, ಹಿಮದ ಆಳ ಅಳೆಯುವ ಒಂದು ಕೋಲು ನೆಟ್ಟಿದ್ದಾರೆ. 1954ರಿಂದ ಅಳತೆ ನಡೆಯುತ್ತಿದೆ. ಅದರ ಗ್ರಾಫ್ ಯಾರು ಬೇಕಾದರೂ ಇಂಟರ್‌ನೆಟ್‌ನಲ್ಲಿ ನೋಡಬಹುದು. ನಮ್ಮ ಕಡೆ ಒಂದು ವಾಡಿಕೆ ಲೆಕ್ಕ ಇದೆ: ಕೋಲಿನ ಹತ್ತಿರ 40 ಇಂಚು ಆಗುವ ತನಕ ಕಾಡಿನೊಳಗೆ ಹೋಗಬೇಡಿ, ಹಿಮ ಮಾಡದ ಟ್ರೇಲ್‌ಗಳ ಆಸೆಯನ್ನೂ ಇಟ್ಟುಕೊಳ್ಳಬೇಡಿ. ಒಳ್ಳೇ ವರ್ಷಗಳಲ್ಲಿ ಜನವರಿಯಲ್ಲೇ ಆ ಗೆರೆ ದಾಟುತ್ತದೆ. ಕೆಟ್ಟ ವರ್ಷದಲ್ಲಿ ಫೆಬ್ರವರಿ ಮುಗಿಯುತ್ತಾ ಬಂದರೂ ಕಾಯುತ್ತಾ ಕೂತಿರುತ್ತೇವೆ. 1969ರ ವಸಂತದಲ್ಲಿ ಅದೇ ಕೋಲಿನ ಹತ್ತಿರ 149 ಇಂಚು ಇತ್ತು. ಅಂಥದ್ದನ್ನು ಆಮೇಲೆ ಯಾರೂ ನೋಡಿಲ್ಲ.

ಹೆಸರು ಯಾಕೆ ಅನ್ನುವುದನ್ನು 'ಹಳೇ ಹಲಗೆ'ಯವರು ಹೇಳುತ್ತಾರೆ. ಈ ವಿಷಯ ಅಂದರೆ ಅವರಿಗೆ ಊಟ ಬೇಡ.

ಹಳೇ ಹಲಗೆ

ಅಕ್ಕ ಕರೆದ ಮೇಲೆ ಬಾರದೆ ಇರಲು ಆಗುತ್ತಾ. ಸ್ವಲ್ಪ ಉದ್ದ ಆಗುತ್ತದೆ, ಕಾಫಿ ತಗೊಂಡು ಕೂತುಕೊಳ್ಳಿ.

ಯುರೋಪಿನ ಆಲ್ಪ್ಸ್‌ನಲ್ಲಿ ಮರಗಳ ಗೆರೆಯ ಮೇಲೆ ಬಯಲು ಇದೆ, ಕೆಳಗೆ ದನ ಮೇಯುವ ಹುಲ್ಲುಗಾವಲು ಇದೆ. ಹಿಮ ಬಿದ್ದರೆ ಎಲ್ಲಿ ಬೇಕಾದರೂ ಇಳಿಯಬಹುದು. ನ್ಯೂ ಇಂಗ್ಲೆಂಡ್‌ನಲ್ಲಿ ಹಾಗಿಲ್ಲ. ಬೆಟ್ಟದ ತುದಿಯ ಹತ್ತಿರದವರೆಗೂ ದಟ್ಟ ಕಾಡು. ಸ್ಪ್ರೂಸ್, ಫರ್, ಬರ್ಚ್ ಎಷ್ಟು ಒತ್ತಾಗಿ ಬೆಳೆದಿರುತ್ತವೆ ಅಂದರೆ ಬೇಸಿಗೆಯಲ್ಲಿ ನಡೆದು ಹೋಗುವುದೂ ಕಷ್ಟ. ಸ್ಕೀ ಮಾಡಬೇಕಾದರೆ ಮರ ಕಡಿದು ಹಾದಿ ಮಾಡಲೇಬೇಕಿತ್ತು. ಇಲ್ಲಿನ ಹಳೇ ಟ್ರೇಲ್‌ಗಳ ಗುಣವೆಲ್ಲ ಇದರಿಂದಲೇ ಬಂದದ್ದು. ಕಡಿಯುವುದು ಕಷ್ಟವಾದ್ದರಿಂದ ಹಾದಿ ಕಿರಿದು. ಬಂಡೆ ಬಂದ ಕಡೆ ಸುತ್ತಿಕೊಂಡು ಹೋಗುತ್ತಿದ್ದರು, ಅದಕ್ಕೇ ಅಷ್ಟೊಂದು ತಿರುವು.

ಮ್ಯಾನ್ಸ್‌ಫೀಲ್ಡ್ ವರ್ಮಾಂಟ್‌ನ ಅತಿ ಎತ್ತರದ ಬೆಟ್ಟ. ಸುಮಾರು 4,390 ಅಡಿ. 1914ರಲ್ಲಿ ಡಾರ್ಟ್‌ಮತ್ ಕಾಲೇಜಿನ ಗ್ರಂಥಪಾಲಕ ನಥಾನಿಯೆಲ್ ಗುಡ್‌ರಿಚ್ ಅಲ್ಲಿನ ಟೋಲ್ ರೋಡ್‌ನಲ್ಲಿ ಸ್ಕೀ ಹಾಕಿಕೊಂಡು ಇಳಿದರು. ಅದು ಬೇಸಿಗೆಯಲ್ಲಿ ಮೇಲಕ್ಕೆ ಗಾಡಿ ಹೋಗಲು ಮಾಡಿದ ರಸ್ತೆ. ಸ್ಕೀಗೆ ಅಂತಲೇ ಹಾದಿ ಬಂದದ್ದು 1933ರ ಆಮೇಲೆ. ದೇಶದಲ್ಲಿ ಆರ್ಥಿಕ ಕುಸಿತ. ಕೆಲಸವಿಲ್ಲದ ಯುವಕರಿಗೆ ಕೆಲಸ ಕೊಡಲು ರೂಸ್‌ವೆಲ್ಟ್ ಸರ್ಕಾರ ಸಿವಿಲಿಯನ್ ಕನ್ಸರ್ವೇಶನ್ ಕೋರ್ ಅಂತ ಶುರು ಮಾಡಿತು. ತಿಂಗಳಿಗೆ 30 ಡಾಲರ್ ಸಂಬಳ, ಅದರಲ್ಲಿ 25 ಡಾಲರ್ ನೇರ ಮನೆಗೆ. ವರ್ಮಾಂಟ್‌ನ ಅರಣ್ಯ ಇಲಾಖೆಯ ಮುಖ್ಯಸ್ಥ ಪೆರ್ರಿ ಮೆರಿಲ್ ಈ ಹುಡುಗರಿಗೆ ಸ್ಕೀ ಟ್ರೇಲ್ ಕಡಿಯುವ ಕೆಲಸ ಕೊಟ್ಟರು. ಗುರುತು ಹಾಕಿಕೊಡಲು ಸಿಕ್ಕವರು ಚಾರ್ಲಿ ಲಾರ್ಡ್. ಅವರು ರಸ್ತೆ ಇಲಾಖೆಯಲ್ಲಿ ಎಂಜಿನಿಯರ್ ಆಗಿದ್ದು ಕೆಲಸ ಕಳೆದುಕೊಂಡಿದ್ದರು. ರಸ್ತೆ ಮಾಡಿ ಗೊತ್ತಿದ್ದವರು, ಸ್ಕೀ ಪ್ರೀತಿಯೂ ಇತ್ತು. ಮೊದಲು ಬ್ರೂಸ್ ಟ್ರೇಲ್, ಆಮೇಲೆ ನೋಸ್ ಡೈವ್. ಕೊಡಲಿ, ಇಬ್ಬರು ಎಳೆಯುವ ಗರಗಸ, ಬಂಡೆಗೆ ಸಿಡಿಮದ್ದು.

ಈಗ ಅಲ್ಲಿ ಲಾರ್ಡ್ ಅಂತ ಒಂದು ನೀಲಿ ಟ್ರೇಲ್ ಇದೆ. ಪೆರ್ರಿ ಮೆರಿಲ್ ಅಂತಲೂ ಒಂದಿದೆ. ದಿನಾ ಸಾವಿರಾರು ಜನ ಅವುಗಳ ಮೇಲೆ ಜಾರಿ ಹೋಗುತ್ತಾರೆ, ಲಾರ್ಡ್ ಯಾರು, ಮೆರಿಲ್ ಯಾರು ಅಂತ ಒಬ್ಬರಿಗೂ ಗೊತ್ತಿರುವುದಿಲ್ಲ.

ಸ್ಟಾರ್ ಅಂದರೆ ನಕ್ಷತ್ರ ಅಲ್ಲ. ಕಾರ್ನೀಲಿಯಸ್ ವಾಂಡರ್ ಸ್ಟಾರ್, 1919ರಲ್ಲಿ ಶಾಂಘೈನಲ್ಲಿ ವಿಮೆ ವ್ಯಾಪಾರ ಶುರು ಮಾಡಿದವರು. ಅದೇ ಮುಂದೆ ಎಐಜಿ ಆಯಿತು. ಸ್ಟೋಗೆ ದುಡ್ಡು ಹಾಕಿದ್ದು ಅವರು. 2017ರಲ್ಲಿ ಎಐಜಿ ಆ ಸ್ಕೀ ವ್ಯವಹಾರವನ್ನು ವೇಲ್ ರೆಸಾರ್ಟ್ಸ್‌ಗೆ ಮಾರಿತು.

ಪುತ್ತೂರಿನವ

ಒಳ್ಳೇ ಚರ್ಚೆ ಮಾರಾಯ್ರೆ. ಆದರೆ ಎಲ್ಲರೂ ಸ್ಟೋ ಸ್ಟೋ ಅಂತಾರೆ, ನಮ್ಮ ನ್ಯೂ ಹ್ಯಾಂಪ್‌ಶೈರ್ ಏನು ಪಾಪ ಮಾಡಿದೆ? ನಾನಿರುವುದು ನಾಶುವಾದಲ್ಲಿ. ನನಗೆ ಕ್ಯಾನನ್ ಹತ್ತಿರ.

ಕ್ಯಾನನ್ ಬೆಟ್ಟದ ಟಾಫ್ಟ್ ಟ್ರೇಲ್ 1933ರದು. ರೇಸಿಗಾಗಿಯೇ ಕಡಿದ ಮೊದಲ ಹಾದಿಗಳಲ್ಲಿ ಅದೂ ಒಂದು. ಅದಕ್ಕೆ ಗುರುತು ಹಾಕಿದ್ದು ರಷ್ಯಾದ ರಾಜಮನೆತನದ ಕಡೆಯ ಒಬ್ಬ ಡ್ಯೂಕ್, ಡಿಮಿಟ್ರಿ ಫಾನ್ ಲಾಯ್ಟನ್‌ಬರ್ಗ್. ಕ್ರಾಂತಿಯ ನಂತರ ದೇಶ ಬಿಟ್ಟು ಬಂದು ಶುಗರ್ ಹಿಲ್‌ನ ಒಂದು ಹೋಟೆಲಿನಲ್ಲಿ ಅತಿಥಿಗಳಿಗೆ ಸ್ಕೀ ಕಲಿಸುತ್ತಿದ್ದವರು. ಎಲ್ಲಿಂದ ಎಲ್ಲಿಗೆ ನೋಡಿ! 1938ರಲ್ಲಿ ಅಲ್ಲಿ ಟ್ರಾಮ್‌ವೇ ಬಂತು. ಉತ್ತರ ಅಮೆರಿಕದಲ್ಲಿ ಜನರನ್ನು ಹೊತ್ತ ಮೊದಲ ಆಕಾಶ ಟ್ರಾಮ್ ಅದು. 1967ರ ಮಾರ್ಚ್‌ನಲ್ಲಿ ಅಮೆರಿಕದ ಮೊದಲ ವಿಶ್ವಕಪ್ ರೇಸ್‌ಗಳೂ ಅಲ್ಲೇ ನಡೆದವು. ಫ್ರಾನ್ಸಿನ ಜೀನ್-ಕ್ಲಾಡ್ ಕಿಲ್ಲಿ ಮೂರಕ್ಕೆ ಮೂರೂ ಗೆದ್ದರು.

ಫ್ರಂಟ್ ಫೋರ್ ಏನು, ಕ್ಯಾನನ್‌ನಲ್ಲಿ ಫ್ರಂಟ್ ಫೈವ್ ಇದೆ. ಅವಲಾಂಚ್, ಪೌಲೀಸ್ ಫಾಲಿ, ಝೂಮರ್, ರಾಕೆಟ್, ಗ್ಯಾರೀಸ್. ಹೆದ್ದಾರಿಯಲ್ಲಿ ಕಾರಲ್ಲಿ ಹೋಗುವವರಿಗೂ ಐದೂ ಮುಖಕ್ಕೆ ಹೊಡೆದ ಹಾಗೆ ಕಾಣುತ್ತವೆ. ಗಾಳಿ ಒಂದು ವಿಪರೀತ. ಇದ್ದ ಹಿಮವನ್ನೆಲ್ಲ ಗುಡಿಸಿಕೊಂಡು ಹೋಗಿಬಿಡುತ್ತದೆ. ಉಳಿಯುವುದು ಎಣ್ಣೆ ಸವರಿದ ಕಡಪಾ ಕಲ್ಲಿನ ನೆಲ! ನಮ್ಮವರು ಅದಕ್ಕೆ ಬಾಯ್ಲರ್‌ಪ್ಲೇಟ್ ಅಂತಾರೆ. ಅದರ ಮೇಲೆ ಸ್ಕೀ ಅಂಚು ಕಚ್ಚುವಾಗ ಬರುವ ಕರ್‌ರ್‌ರ್ ಶಬ್ದ ಕೇಳಿದರೆ ಹಲ್ಲು ಜುಮ್ಮೆನ್ನುತ್ತದೆ.

ಗುಲ್ಮಾರ್ಗ್ ರಿಟರ್ನ್

ಬೆಂಗಳೂರಿನಿಂದ ಒಂದು ಮುಗ್ಧ ಪ್ರಶ್ನೆ. ನಾನು ಸ್ಕೀ ಕಲಿತದ್ದು ಗುಲ್ಮಾರ್ಗ್‌ನಲ್ಲಿ. ಗೊಂಡೋಲಾದಲ್ಲಿ ಅಫರ್ವತ್‌ಗೆ ಹೋದರೆ ಮರಗಳೇ ಇಲ್ಲದ ಬಯಲು, ಮೆತ್ತನೆ ಹಿಮ. ಅಲ್ಲಿ ಭಯ ಇರುವುದು ಹಿಮಕುಸಿತದ್ದು. ನೀವು ಹೇಳುತ್ತಿರುವುದು ಕೇಳಿದರೆ ಮಂಜುಗಡ್ಡೆ, ಬೇರು, ಬಂಡೆ, ಕಿರಿದು ಹಾದಿ. ಇದರಲ್ಲಿ ಖುಷಿ ಎಲ್ಲಿದೆ ಗುರು? ದುಡ್ಡು ಕೊಟ್ಟು ಯಾಕೆ ಹೋಗುತ್ತೀರಿ?

ಬರ್ಲಿಂಗ್ಟನ್ ಅಕ್ಕ

ಹಹ್ಹಾ. ಗುಲ್ಮಾರ್ಗ್ ನೋಡಿದವರು ಹಾಗೆ ಕೇಳಬೇಕಾದ್ದೇ.

ಮಂಜುಗಡ್ಡೆ ಎಲ್ಲಿಂದ ಬರುತ್ತದೆ ಅಂದರೆ, ಅಟ್ಲಾಂಟಿಕ್ ಹತ್ತಿರ ಇದೆ. ಚಳಿಗಾಲದ ನಡುವೆಯೇ ಸಮುದ್ರದ ಕಡೆಯಿಂದ ಬಿಸಿ ಗಾಳಿ ಬಂದು ಮಳೆ ಹೊಡೆಯುತ್ತದೆ. ಮಾರನೇ ದಿನ ಕೆನಡಾ ಕಡೆಯ ಗಾಳಿ ಬಂದು ಪಾದರಸ ದಬಕ್ಕನೆ ಇಳಿಯುತ್ತದೆ. ನೆನೆದ ಹಿಮ ಗಟ್ಟಿಯಾಗಿ ಹೆಪ್ಪುಗಟ್ಟುತ್ತದೆ. ಜನವರಿಯಲ್ಲಿ ಇದು ಒಂದೆರಡು ಸಲ ಆಗದ ವರ್ಷವೇ ಕಡಿಮೆ.

ಆದರೆ ಇದಾದ ಮೇಲೆ ಏನಾಗುತ್ತದೆ ಅನ್ನುವುದನ್ನೂ ಕೇಳಿ. ಮ್ಯಾನ್ಸ್‌ಫೀಲ್ಡ್‌ನ ಈ ಮುಖ ಪೂರ್ವಕ್ಕಿದೆ. ಗಾಳಿ ಬೀಸುವುದು ಹೆಚ್ಚಾಗಿ ಪಶ್ಚಿಮ, ವಾಯವ್ಯದಿಂದ. ಹಾಗಾಗಿ ಆ ಕಡೆಯ ಹಿಮವನ್ನೂ ಹೊತ್ತು ತಂದು ಈ ಕಡೆ ಸುರಿಯುತ್ತದೆ. ಊರಿನಲ್ಲಿ ಏನೂ ಬೀಳದ ರಾತ್ರಿ ಮೇಲೆ ಒಂದು ಮೊಣಕೈ ಉದ್ದ ಬಿದ್ದಿರುತ್ತದೆ. ಗೋಟ್‌ನಂಥ ಕಿರಿದು ಹಾದಿಯಲ್ಲಿ ಎರಡೂ ಕಡೆ ಮರ. ಬಿಸಿಲು ತಾಗುವುದಿಲ್ಲ, ಗಾಳಿ ಗುಡಿಸುವುದಿಲ್ಲ. ಅಗಲ ಮಾಡಿದ ಟ್ರೇಲ್‌ನಲ್ಲಿ ಹಿಮ ಹಾರಿಹೋಗಿ ನೆಲ ಕಲ್ಲಾದಾಗಲೂ ಗೋಟ್‌ನ ಅಂಚಿನಲ್ಲಿ ಮೆತ್ತಗೆ ಇರುತ್ತದೆ. ಹಳಬರು ಹಾದಿಯನ್ನು ಕಿರಿದು ಬಿಟ್ಟದ್ದಕ್ಕೆ ಇದೂ ಒಂದು ಲಾಭ.

ಅಂಚು ಅಂದೆ ಅಲ್ವಾ, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬೆಳಗ್ಗೆ ಲಿಫ್ಟ್ ಶುರುವಾದಾಗ ಗೋಟ್‌ನ ತಲೆಯಲ್ಲಿ ನಡುಭಾಗ ಬಿಳಿ. ಹನ್ನೊಂದು ಗಂಟೆಯ ಹೊತ್ತಿಗೆ ಹೋಗಿ ನೋಡಿ. ಎಲ್ಲರೂ ಹೆದರಿ ಅಡ್ಡಡ್ಡ ಜಾರಿಕೊಂಡು ಇಳಿದಿರುತ್ತಾರೆ. ನಡುವಿನ ಹಿಮ ಕೆರೆದು ಹೋಗಿ ಬೂದು ಬಣ್ಣ ಬಂದಿರುತ್ತದೆ, ಅಲ್ಲಲ್ಲಿ ಹಳದಿ ಮಂಜುಗಡ್ಡೆ, ಒಂದು ಬಂಡೆಯ ಬೋಳು ತಲೆ, ಅದರ ಮೇಲೆ ಯಾರದೋ ಸ್ಕೀ ಬಿಟ್ಟ ಗೀರು. ಕೆರೆದ ಹಿಮವೆಲ್ಲ ಹೋಗಿ ಎಡಬಲದ ಮರಗಳ ಬುಡದಲ್ಲಿ ಕೂತಿರುತ್ತದೆ, ಎರಡು ಸ್ಕೀ ಅಗಲದ ಪಟ್ಟಿ. ಊರಿನವರು ಆ ಪಟ್ಟಿಯಲ್ಲೇ ಚಿಕ್ಕ ಚಿಕ್ಕ ತಿರುವು ತಗೊಂಡು ಇಳಿಯುತ್ತಾರೆ. ಕೊಂಬೆ ಹೆಲ್ಮೆಟ್‌ಗೆ ಬಡಿಯುತ್ತಾ ಇರುತ್ತದೆ. ಅದರ ಮೇಲೆ ಗೋಟ್ ನೇರ ಕೆಳಕ್ಕೂ ಇಳಿಯುವುದಿಲ್ಲ. ಹಾದಿ ಒಂದು ಕಡೆ, ಇಳಿಜಾರು ಇನ್ನೊಂದು ಕಡೆ ಎಳೆಯುತ್ತದೆ. ಸುಮ್ನೆ ನಿಂತರೂ ಪಕ್ಕಕ್ಕೆ ಜಾರುತ್ತೀರಿ. ಡಬಲ್ ಫಾಲ್ ಲೈನ್ ಅಂತಾರೆ. ಕಾಲಿಗೆ ಎಷ್ಟು ಕೆಲಸ ಕೊಡುತ್ತದೆ ಅಂದರೆ, ಕೆಳಗೆ ಬಂದ ಮೇಲೆ ತೊಡೆ ನಡುಗುತ್ತದೆ.

ಗುಲ್ಮಾರ್ಗ್‌ನವರೇ, ಖುಷಿ ಇರುವುದು ಅಲ್ಲೇ.

ಲಾಡ್ಜ್‌ನಲ್ಲಿ ಕಾಫಿ

ನನ್ನದು ಸ್ವಲ್ಪ ಅಪಸ್ವರ. ಹಳೇದೆಲ್ಲ ಚಿನ್ನ ಅನ್ನುವ ಮಾತು ನನಗೆ ಅಷ್ಟಾಗಿ ಒಗ್ಗುವುದಿಲ್ಲ.

ನೋಸ್ ಡೈವ್ ವಿಷಯ ತಗೊಳ್ಳಿ. ಮೊದಲು ಅದರ ತಲೆಯಲ್ಲಿ ಏಳು ಇಕ್ಕಟ್ಟು ತಿರುವು ಇದ್ದವಂತೆ. ಆಮೇಲೆ ರೇಸಿನ ನಿಯಮಕ್ಕೆ ತಕ್ಕ ಹಾಗೆ ಅಗಲ ಮಾಡಿ ತಿರುವುಗಳನ್ನು ತೆಗೆದರು. ಹಳಬರು ಈಗಲೂ ಅದಕ್ಕೆ ಕಣ್ಣೀರು ಹಾಕುತ್ತಾರೆ. ಆದರೆ ನನ್ನಂಥವರು, ನನ್ನ ಹೆಂಡತಿ, ಹೈಸ್ಕೂಲ್ ಮಗಳು, ಎಲ್ಲರೂ ಈಗ ಅದನ್ನು ಇಳಿಯಬಹುದು. ಮೊದಲು ಎಷ್ಟು ಜನ ಇಳಿಯುತ್ತಿದ್ದರು? ಬೆರಳೆಣಿಕೆಯಷ್ಟು ಗಟ್ಟಿಗರು. ಎಂಟಡಿ ಅಗಲದ ಹಾದಿಯಲ್ಲಿ ಮರಕ್ಕೆ ಗುದ್ದಿ ಸಾಯುವುದರಲ್ಲಿ ಏನು ದೊಡ್ಡಸ್ತಿಕೆ? ಹಿಮ ಮಾಡುವ ಯಂತ್ರ ಬರದಿದ್ದರೆ ಈಗಿನ ಹವಾಮಾನದಲ್ಲಿ ಈ ಗುಡ್ಡಗಳೆಲ್ಲ ಕ್ರಿಸ್‌ಮಸ್‌ಗೆ ಬಾಗಿಲು ಹಾಕಿಕೊಂಡು ಕೂತಿರುತ್ತಿದ್ದವು.

ಹಳೇ ಹಲಗೆ

ಕಾಫಿಯವರೇ, ಸಾಯುವ ಮಾತು ಎತ್ತಿದಿರಿ, ಅದಕ್ಕೂ ಈ ಟ್ರೇಲ್‌ಗಳಿಗೂ ನೇರ ಸಂಬಂಧ ಇದೆ.

1936ರ ಹೊಸ ವರ್ಷದ ಹೊತ್ತಿಗೆ ಮೈನಟ್ ಡೋಲ್ ಅನ್ನುವವರು ಸ್ಟೋದ ಟೋಲ್ ರೋಡ್‌ನಲ್ಲಿ ಬಿದ್ದು ಕಾಲಿನ ಗಂಟು ಮುರಿದುಕೊಂಡರು. ಟೋಲ್ ರೋಡ್ ಅಂದರೆ ಈಗ ಹಸಿರು ವೃತ್ತದ ಟ್ರೇಲ್, ಮಕ್ಕಳು ಇಳಿಯುವಂಥದ್ದು. ಎತ್ತಿಕೊಂಡು ಬರಲು ಯಾವ ವ್ಯವಸ್ಥೆಯೂ ಇರಲಿಲ್ಲ. ಸ್ನೇಹಿತ ಫ್ರಾಂಕ್ ಎಡ್ಸನ್ ಮತ್ತು ಜೊತೆಗಿದ್ದವರು ಒಂದು ತಗಡಿನ ಹಾಳೆಯ ಮೇಲೆ ಎಳೆದುಕೊಂಡು ಕೆಳಗೆ ತಂದರು. ಎರಡು ತಿಂಗಳಿಗೆ ಅದೇ ಎಡ್ಸನ್ ಮಸಾಚುಸೆಟ್ಸ್‌ನ ಪಿಟ್ಸ್‌ಫೀಲ್ಡ್‌ನಲ್ಲಿ ರೇಸ್ ಮಾಡುವಾಗ ಮರಕ್ಕೆ ಬಡಿದು ತೀರಿಕೊಂಡರು. ಡೋಲ್ ಅದನ್ನು ಅಲ್ಲಿಗೇ ಬಿಡಲಿಲ್ಲ. ಸುರಕ್ಷತೆಯ ವಿಚಾರಣೆಗೆ ಒಂದು ಸಮಿತಿ ಮಾಡಿಸಿದರು. 1938ರಲ್ಲಿ ಸ್ಟೋದಲ್ಲಿ ರಾಷ್ಟ್ರೀಯ ರೇಸ್ ನಡೆದಾಗ ನೋಸ್ ಡೈವ್ ಮೇಲೆ ಅವರ ಗಸ್ತು ಪಡೆ ಮಾಡಿದ ಕೆಲಸ ನೋಡಿ, ದೇಶಕ್ಕೆಲ್ಲ ಇಂಥದ್ದು ಬೇಕು ಅಂತ ತೀರ್ಮಾನ ಆಯಿತು. ಹಾಗೆ ಹುಟ್ಟಿದ್ದು ನ್ಯಾಷನಲ್ ಸ್ಕೀ ಪ್ಯಾಟ್ರೋಲ್. ಇವತ್ತು ಕೆಂಪು ಜಾಕೆಟ್ ಹಾಕಿಕೊಂಡು ಗಾಯಾಳುಗಳನ್ನು ಜಾರುಬಂಡಿಯಲ್ಲಿ ತರುವವರ ಮೂಲ ಅದು. ಎರಡನೇ ಮಹಾಯುದ್ಧದಲ್ಲಿ ಸೈನ್ಯಕ್ಕೆ ಸ್ಕೀ ಗೊತ್ತಿರುವ ಪರ್ವತ ಪಡೆ ಬೇಕು ಅಂತ ಹಟ ಹಿಡಿದವರೂ ಇದೇ ಡೋಲ್.

ಅಪಾಯ ಇರಲಿಲ್ಲ ಅಂತ ನಾನೆಲ್ಲಿ ಅಂದೆ? ಆಗಿನವರ ಸಾಮಾನು ನೆನೆಸಿಕೊಳ್ಳಿ. ಏಳಡಿ ಉದ್ದದ ಮರದ ಹಲಗೆ, ಚರ್ಮದ ಬೂಟು, ಬಿದ್ದರೆ ಬಿಚ್ಚಿಕೊಳ್ಳದ ಬೈಂಡಿಂಗ್ (ಬೂಟನ್ನು ಹಲಗೆಗೆ ಬಿಗಿಯುವ ಕೊಂಡಿ). ಉಕ್ಕಿನ ಅಂಚು ಬಂದದ್ದೇ 1920ರ ದಶಕದ ಕೊನೆಗೆ, ಆಸ್ಟ್ರಿಯಾದ ರುಡಾಲ್ಫ್ ಲೆಟ್ನರ್ ಅವರಿಂದ. ಅದಕ್ಕಿಂತ ಮುಂಚೆ ಮಂಜುಗಡ್ಡೆ ಮೇಲೆ ಬರೀ ಮರದ ಅಂಚು!

ಅಗಲ ಮಾಡಬಾರದು ಅಂತಲೂ ಅಲ್ಲ. ಎಲ್ಲವನ್ನೂ ಅಗಲ ಮಾಡಬೇಡಿ ಅಂತ. ನ್ಯಾಷನಲ್ ಇರಲಿ, ಪಕ್ಕದಲ್ಲಿ ಗೋಟ್ ಕೂಡ ಇರಲಿ.

ಪುತ್ತೂರಿನವ

ಹಲಗೆಯವರ ಮಾತಿಗೆ ನನ್ನದೊಂದು ಓಟು. ವರ್ಮಾಂಟ್‌ನ ಇನ್ನೊಂದು ಸ್ಕೀ ಗುಡ್ಡ ಮ್ಯಾಡ್ ರಿವರ್ ಗ್ಲೆನ್ ಬಗ್ಗೆಯೂ ಹೇಳಿ ಮಾರಾಯ್ರೆ, ಅದು ನಿಮ್ಮ ಪಕ್ಷದ ರಾಜಧಾನಿ ಅಲ್ವಾ!

ಹಳೇ ಹಲಗೆ

ಹೌದು, ಅದನ್ನು ಬಿಟ್ಟರೆ ಪಾಪ ತಟ್ಟುತ್ತದೆ.

1940ರಲ್ಲಿ ಸ್ಟೋಗೆ ಒಬ್ಬೊಬ್ಬರೇ ಕೂರುವ ಸಿಂಗಲ್ ಚೇರ್‌ಲಿಫ್ಟ್ ಬಂತು. ಆಗ ಅದು ಬಹಳ ಉದ್ದದ ಲಿಫ್ಟ್, ಒಂದು ಮೈಲಿಗಿಂತ ಜಾಸ್ತಿ. ಅದನ್ನು ತಂದವರಲ್ಲಿ ಮುಖ್ಯರು ರೋಲಂಡ್ ಪಾಮೆಡೋ. ಮುಂದೆ ಸ್ಟೋ ವ್ಯಾಪಾರದ ಕಡೆ ವಾಲುತ್ತಿದೆ ಅನ್ನಿಸಿ ಅವರು ದೂರ ಸರಿದರು. 1948ರ ಡಿಸೆಂಬರ್‌ನಲ್ಲಿ ಮ್ಯಾಡ್ ರಿವರ್ ಗ್ಲೆನ್ ತೆರೆದರು. ಹೋಟೆಲ್, ಮನೆ, ಅಂಗಡಿ ಯಾವುದೂ ಬೇಡ, ಸ್ಕೀ ಒಂದೇ ಸಾಕು ಅಂತ. ಸ್ಟೋದವರು 1986ರಲ್ಲಿ ತಮ್ಮ ಸಿಂಗಲ್ ಚೇರ್ ತೆಗೆದು ನಾಲ್ಕು ಜನ ಕೂರುವ ಲಿಫ್ಟ್ ಹಾಕಿದರು. ಮ್ಯಾಡ್ ರಿವರ್‌ನವರು ಮಾತ್ರ 2007ರಲ್ಲಿ ತಮ್ಮದನ್ನು ಪೂರ್ತಿ ಬಿಚ್ಚಿ, ಹೊಸದು ಮಾಡಿ, ಮತ್ತೆ ಸಿಂಗಲ್ ಚೇರ್ ಆಗಿಯೇ ನಿಲ್ಲಿಸಿದರು. ಡಬಲ್ ಹಾಕಬಹುದಿತ್ತು. ಆದರೆ ಲಿಫ್ಟ್ ಜಾಸ್ತಿ ಜನರನ್ನು ಮೇಲಕ್ಕೆ ಹಾಕಿದರೆ ಟ್ರೇಲ್‌ನ ಹಿಮ ಅಷ್ಟೇ ಬೇಗ ಕೆರೆದು ಹೋಗುತ್ತದೆ. ಅಲ್ಲಿ ಕೃತಕ ಹಿಮ ಬಹಳ ಕಡಿಮೆ. ಇದ್ದದ್ದನ್ನು ಉಳಿಸಿಕೊಳ್ಳಬೇಕಾದರೆ ಜನರನ್ನು ನಿಧಾನವಾಗಿ ಬಿಡಬೇಕು. ಲಿಫ್ಟ್ ನಿಧಾನ ಅಂತ ಬೈಯುವವರಿಗೆ ಈ ಲೆಕ್ಕ ಹೊಳೆಯುವುದಿಲ್ಲ.

1995ರಿಂದ ಆ ಗುಡ್ಡ ಸ್ಕೀ ಮಾಡುವವರದ್ದೇ ಸಹಕಾರ ಸಂಘದ ಕೈಯಲ್ಲಿದೆ. ನಮ್ಮೂರ ಹಾಲಿನ ಡೇರಿಯ ಹಾಗೆ ಷೇರು, ಸದಸ್ಯರ ಸಭೆ, ಮತ ಎಲ್ಲ ಇದೆ. ಸ್ನೋಬೋರ್ಡ್‌ಗೆ ಪ್ರವೇಶ ಇಲ್ಲ. ಅದು ನನಗೂ ಅತಿ ಅನ್ನಿಸುತ್ತದೆ, ಆದರೆ ಅವರ ಮನೆ, ಅವರ ನಿಯಮ. ಅಲ್ಲಿ ಪ್ಯಾರಡೈಸ್ ಅಂತ ಒಂದು ಟ್ರೇಲ್. ತಲೆಯಲ್ಲೇ ಹೆಪ್ಪುಗಟ್ಟಿದ ಜಲಪಾತ. ಅದರ ಪಕ್ಕದಿಂದ ಜಾರಬೇಕು, ಇಲ್ಲ ಮೇಲಿಂದ ಹಾರಬೇಕು. ನಾನು ಪಕ್ಕದವನು.

ಲಾಡ್ಜ್‌ನಲ್ಲಿ ಕಾಫಿ

ಆ ಗುಡ್ಡಕ್ಕೆ ಹಿಮ ಬೀಳದ ವರ್ಷ ಏನು ಗತಿ? ಸದಸ್ಯರು ಸಭೆ ಮಾಡಿ ಮತ ಹಾಕಿದರೆ ಹಿಮ ಬೀಳುತ್ತದಾ? 😀

ಬರ್ಲಿಂಗ್ಟನ್ ಅಕ್ಕ

ಗತಿ ಏನೂ ಇಲ್ಲ ಕಾಫಿಯವರೇ, ಬಾಗಿಲು ಹಾಕಿಕೊಂಡು ಕೂರುತ್ತಾರೆ. ಅದು ನಿಜವೇ. ನಿಮ್ಮ ಮಾತಿನಲ್ಲಿ ಹುರುಳಿದೆ.

ಕೃತಕ ಹಿಮದ ಕಥೆ ಕನೆಕ್ಟಿಕಟ್‌ನದು. ವೇಯ್ನ್ ಪಿಯರ್ಸ್, ಆರ್ಟ್ ಹಂಟ್, ಡೇವ್ ರಿಚೀ ಅಂತ ಮೂವರು ಸ್ಕೀ ಮಾಡುವ ಕಂಪನಿ ನಡೆಸುತ್ತಿದ್ದರು. ಹಿಮವೇ ಬೀಳದೆ ಸ್ಕೀ ಮಾರಾಟ ನಿಂತುಹೋಯಿತು. 1950ರ ಹೊತ್ತಿಗೆ ಅವರು ಬಣ್ಣ ಹೊಡೆಯುವ ಗನ್‌ನ ತತ್ವದಲ್ಲೇ ಒತ್ತಡದ ಗಾಳಿ ಮತ್ತು ನೀರು ಸೇರಿಸಿ ಚಳಿಯ ಗಾಳಿಗೆ ಸಿಡಿಸಿದರು. ಹನಿಗಳು ಕೆಳಗೆ ಬೀಳುವುದರೊಳಗೆ ಹೆಪ್ಪುಗಟ್ಟಿದವು. ಇವತ್ತಿಗೂ ತತ್ವ ಅದೇ.

ಆದರೆ ಅದು ಆರು ಮೂಲೆಯ ಹರಳಲ್ಲ, ಸಣ್ಣ ಗುಂಡು ಗುಂಡು ಮಂಜುಗಡ್ಡೆ. ಹೊಸದಾಗಿ ಬಿದ್ದ ಹಿಮಕ್ಕಿಂತ ಎಷ್ಟೋ ಪಟ್ಟು ಭಾರ. ಬೇಗ ಕರಗುವುದಿಲ್ಲ, ಆದರೆ ಬೇಗ ಗಟ್ಟಿಯಾಗುತ್ತದೆ. ವಾಲ್ತಮ್‌ನವರು ಗಮನಿಸಿ: ಮಳೆ ಬಿದ್ದು ಹೆಪ್ಪುಗಟ್ಟಿದ ಮಾರನೇ ದಿನ ನ್ಯಾಷನಲ್, ಲಿಫ್ಟ್‌ಲೈನ್ ತೆರೆದಿರುತ್ತವೆ, ಗೋಟ್ ಮುಚ್ಚಿರುತ್ತದೆ. ತೆರೆದಿದೆ ಅಂತ ನ್ಯಾಷನಲ್‌ಗೆ ನುಗ್ಗಿದರೆ ಅದು ಅವತ್ತು ಗೋಟ್‌ಗಿಂತ ಕೆಟ್ಟದು. ಕಡಿದಾದ ಇಳಿಜಾರು, ಅಗಲ, ಗಟ್ಟಿ. ಬಿದ್ದರೆ ತಡೆಯಲು ಏನೂ ಸಿಗದೆ ಬಹಳ ದೂರ ಜಾರುತ್ತೀರಿ. ಹಿಮ ಮೆತ್ತಗಿದ್ದ ದಿನವೂ, ಕಲ್ಲಾದ ದಿನವೂ ಎರಡು ವಜ್ರದ ಗುರುತು ಮಾತ್ರ ಅದೇ ಇರುತ್ತದೆ.

ವಾಲ್ತಮ್‌ವಾಸಿ

ಅಬ್ಬಾ, ಇಷ್ಟೊಂದು ಸಿಗುತ್ತದೆ ಅಂದುಕೊಂಡಿರಲಿಲ್ಲ. ಎಲ್ಲರಿಗೂ ಥ್ಯಾಂಕ್ಸ್. ಅಕ್ಕ, ವಜ್ರದ ವಿಷಯಕ್ಕೇ ಬರುತ್ತೇನೆ. ಪೆನ್ಸಿಲ್ವೇನಿಯಾದ ಒಂದು ಸಣ್ಣ ಗುಡ್ಡದಲ್ಲಿ ನಾನು ಎರಡು ವಜ್ರದ್ದನ್ನೂ ಇಳಿದಿದ್ದೆ. ಅದಕ್ಕೂ ಇದಕ್ಕೂ ಅಷ್ಟು ವ್ಯತ್ಯಾಸವಾ?

ಬರ್ಲಿಂಗ್ಟನ್ ಅಕ್ಕ

ಅಜಗಜಾಂತರ. ಹಸಿರು ವೃತ್ತ, ನೀಲಿ ಚೌಕ, ಕಪ್ಪು ವಜ್ರ ಅನ್ನುವ ಗುರುತುಗಳು ದೇಶದಲ್ಲೆಲ್ಲ ಒಂದೇ ಆಗಿದ್ದು 1960ರ ದಶಕದ ಕೊನೆಗೆ. ಗುರುತು ಒಂದೇ, ಅಳತೆ ಒಂದೇ ಅಲ್ಲ. ಆ ಗುಡ್ಡದ ಬೇರೆ ಟ್ರೇಲ್‌ಗಳಿಗೆ ಹೋಲಿಸಿದರೆ ಇದು ಎಷ್ಟು ಕಷ್ಟ ಅಂತ ಆಯಾ ಗುಡ್ಡದವರೇ ಹಾಕಿಕೊಳ್ಳುವುದು. ಸಣ್ಣ ಗುಡ್ಡದ ಎರಡು ವಜ್ರ ಸ್ಟೋದಲ್ಲಿ ನೀಲಿ ಆಗಬಹುದು.

ನಿಮಗೆ ನನ್ನ ಸಲಹೆ ಇಷ್ಟು. ಮೊದಲು ಫೋರ್‌ರನ್ನರ್ ಲಿಫ್ಟ್ ಹತ್ತಿ ಲಾರ್ಡ್ ಇಳಿಯಿರಿ, ಕಾಲು ಬಿಸಿ ಆಗಲಿ. ಆಮೇಲೆ ನೋಸ್ ಡೈವ್, ಬೆಳಗ್ಗೆಯೇ, ಗ್ರೂಮರ್ ಗೆರೆಗಳು ಇನ್ನೂ ಇರುವಾಗ. ಅಲ್ಲಿ ನಿಮಗೆ ಬೇಕಾದ ಜಾಗದಲ್ಲಿ ನಿಲ್ಲಲು ಆಗುತ್ತದೆಯಾ ನೋಡಿಕೊಳ್ಳಿ. ನಿಲ್ಲಲು ಆದರೆ, ಲಿಫ್ಟ್‌ಲೈನ್ ಗ್ರೂಮ್ ಆದ ದಿನ ಅದನ್ನು. ಲಿಫ್ಟ್‌ನಲ್ಲಿ ಕೂತೇ ಅದನ್ನು ಮೇಲಿಂದ ಕೆಳತನಕ ನೋಡಬಹುದು, ಬೇರೆ ಯಾವ ಟ್ರೇಲ್‌ಗೂ ಆ ಸೌಲಭ್ಯ ಇಲ್ಲ. ಸ್ಟಾರ್ ಮೇಲೆ ನಿಂತರೆ ಮುಂದೆ ನೆಲವೇ ಕಾಣುವುದಿಲ್ಲ, ಅಂಚು ದಾಟಿದ ಮೇಲೇ ಕಾಣುವುದು. ಕೋಲಿನ ಹತ್ತಿರ 40 ಇಂಚು ದಾಟಿಲ್ಲದಿದ್ದರೆ ಸ್ಟಾರ್, ಗೋಟ್ ಎರಡನ್ನೂ ಈ ಸಲ ಮರೆತುಬಿಡಿ.

ಹೋಗುವ ಮುಂಚೆ ಸ್ಕೀ ಅಂಗಡಿಯಲ್ಲಿ ಅಂಚು ಹರಿತ ಮಾಡಿಸಿ. ಜನ ಜಾಕೆಟ್‌ಗೆ ಐನೂರು ಡಾಲರ್ ಹಾಕುತ್ತಾರೆ, ಅಂಚು ಮಾಡಿಸಲು ಜಿಪುಣತನ ಮಾಡುತ್ತಾರೆ. ಉಗುರನ್ನು ಅಂಚಿನ ಮೇಲೆ ಎಳೆದರೆ ಸಣ್ಣ ಪುಡಿ ಏಳಬೇಕು. ಏಳದಿದ್ದರೆ ಅದು ಮೊಂಡು.

ಗುಲ್ಮಾರ್ಗ್ ರಿಟರ್ನ್

ನನ್ನ ಕೊನೇ ಪ್ರಶ್ನೆ. ಲಿಫ್ಟೇ ಇಲ್ಲದ ಹಳೇ ಟ್ರೇಲ್ ಯಾವುದಾದರೂ ಈಗಲೂ ಉಳಿದಿದೆಯಾ? ಮುಂದಿನ ವರ್ಷ ಬೋಸ್ಟನ್‌ಗೆ ಆಫೀಸ್ ಕೆಲಸದ ಮೇಲೆ ಬರುವ ಸಾಧ್ಯತೆ ಇದೆ.

ಪುತ್ತೂರಿನವ

ಟಕರ್‌ಮನ್ ರೇವಿನ್! ಮೌಂಟ್ ವಾಷಿಂಗ್ಟನ್ ಪಕ್ಕದ ಬಟ್ಟಲು. ಬೆಟ್ಟದ ಎತ್ತರ 6,288 ಅಡಿ, ನಿಮ್ಮ ಅಫರ್ವತ್ ಮುಂದೆ ಅದು ಮಗು. ಆದರೆ 1934ರ ಏಪ್ರಿಲ್‌ನಲ್ಲಿ ಆ ತುದಿಯಲ್ಲಿ ಗಂಟೆಗೆ 231 ಮೈಲಿ ವೇಗದ ಗಾಳಿ ದಾಖಲಾಗಿದೆ. ಆ ಗಾಳಿಯೇ ತುದಿಯ ಹಿಮವನ್ನೆಲ್ಲ ತಂದು ಬಟ್ಟಲಿಗೆ ತುಂಬುವುದು. ಜನ ಏಪ್ರಿಲ್, ಮೇ ತಿಂಗಳಲ್ಲಿ ಹೆಗಲ ಮೇಲೆ ಸ್ಕೀ ಹೊತ್ತು ಹತ್ತುತ್ತಾರೆ.

ಅಲ್ಲಿ ಇನ್‌ಫರ್ನೋ ಅಂತ ರೇಸ್ ಇತ್ತು. ತುದಿಯಿಂದ ಬುಡದ ಪಿಂಕಮ್ ನಾಚ್ ತನಕ, ಸುಮಾರು ನಾಲ್ಕು ಮೈಲಿ. 1933ರಲ್ಲಿ ಗೆದ್ದವರಿಗೆ ಹದಿನಾಲ್ಕು ನಿಮಿಷ ಮೀರಿತ್ತು, 1934ರಲ್ಲಿ ಡಿಕ್ ಡರಾನ್ಸ್‌ಗೆ ಹನ್ನೆರಡೂವರೆ. 1939ರಲ್ಲಿ ಟೋನಿ ಮ್ಯಾಟ್ ಅಂತ 19 ವರ್ಷದ ಆಸ್ಟ್ರಿಯಾದ ಹುಡುಗ. ಹೆಡ್‌ವಾಲ್ ಅಂತ ಆ ಬಟ್ಟಲಿನ ಗೋಡೆ ಇದೆ, ಎಲ್ಲರೂ ತಿರುವು ಹಾಕಿಕೊಂಡು ಇಳಿಯುವ ಜಾಗ. ಈ ಹುಡುಗ ತಿರುಗಲೇ ಇಲ್ಲ. ನೇರ ಬಿಟ್ಟ. 6 ನಿಮಿಷ 29.2 ಸೆಕೆಂಡ್! ಡರಾನ್ಸ್ ಎರಡನೆಯವರು, ಒಂದು ನಿಮಿಷ ಹಿಂದೆ.

ನೀವು ಮಾತ್ರ ಹಿಮಕುಸಿತದ ಎಚ್ಚರಿಕೆ ಓದದೆ ಹೋಗಬೇಡಿ. ಅಲ್ಲಿ ಅದು ಆಗುತ್ತದೆ, ಜನ ಸತ್ತಿದ್ದಾರೆ.

ಹಳೇ ಹಲಗೆ

ಕೆಲಸದ ಮೇಲೆ ಬಂದವರಿಗೆ ಟಕರ್‌ಮನ್ ಹೇಳಬೇಡಿ ಪುತ್ತೂರಿನವರೇ. ಥಂಡರ್‌ಬೋಲ್ಟ್ ಸಾಕು. ಮಸಾಚುಸೆಟ್ಸ್‌ನ ಗ್ರೇಲಾಕ್ ಬೆಟ್ಟ, 3,491 ಅಡಿ, ಬೋಸ್ಟನ್‌ನಿಂದ ಕಾರಲ್ಲಿ ಮೂರು ಗಂಟೆ. 1934ರಲ್ಲಿ ಅದೇ ಕನ್ಸರ್ವೇಶನ್ ಕೋರ್‌ನ ಹುಡುಗರು ಕಡಿದದ್ದು. ರೆವೇರ್ ಬೀಚ್‌ನಲ್ಲಿದ್ದ ಒಂದು ರೋಲರ್‌ಕೋಸ್ಟರ್‌ನ ಹೆಸರು ಇಟ್ಟರು. ಮೂವತ್ತರ ದಶಕದಲ್ಲಿ ಜರ್ಮನಿಯಿಂದ ತಂಡ ಬಂದು ರೇಸ್ ಮಾಡುವಷ್ಟು ಹೆಸರಿತ್ತು. ಲಿಫ್ಟ್ ಬರಲೇ ಇಲ್ಲ. ಹಾಗಾಗಿ ಯಾರೂ ಅಗಲ ಮಾಡಲಿಲ್ಲ, ಯಂತ್ರ ತರಲಿಲ್ಲ. ಕಾಡು ಮತ್ತೆ ಮುಚ್ಚಿಕೊಳ್ಳುತ್ತಾ ಬಂತು. ಆಮೇಲೆ ಊರಿನವರೇ ಸೇರಿ ಗಿಡಗಂಟಿ ಸವರಿ, 2010ರಲ್ಲಿ ರೇಸ್ ಮತ್ತೆ ಶುರು ಮಾಡಿದರು.

ಅಲ್ಲಿ ಹಿಮದ ಸ್ಥಿತಿ ಇನ್ನೂ ನಾಜೂಕು. ಮಳೆನೀರು ಹಾದಿ ಕೊಚ್ಚದಿರಲಿ ಅಂತ ಅಡ್ಡಲಾಗಿ ಮಾಡಿದ ಕಾಲುವೆಗಳಿವೆ. ಒಂದಡಿ ಹಿಮದಲ್ಲಿ ಅವು ಮುಚ್ಚಿದ ಹಾಗೆ ಕಾಣುತ್ತವೆ, ಸ್ಕೀ ಮೂತಿ ಒಳಗೆ ಹೋದಾಗಲೇ ಗೊತ್ತಾಗುವುದು. ದೊಡ್ಡ ಬಿರುಗಾಳಿ ಬಂದು ಎರಡಡಿ ಬಿದ್ದ ಮೇಲೆ ಎರಡು ದಿನ ಅದು ಸ್ವರ್ಗ. ಅಷ್ಟರೊಳಗೆ ಹೋಗಬೇಕು.

ಗುಲ್ಮಾರ್ಗ್ ರಿಟರ್ನ್

ಹತ್ತುವುದು ಹೇಗೆ? ನನ್ನ ಹತ್ತಿರ ಟೂರಿಂಗ್ ಬೈಂಡಿಂಗ್ (ಹತ್ತುವಾಗ ಹಿಮ್ಮಡಿ ಮೇಲೆ ಎತ್ತಲು ಬಿಡುವಂಥದ್ದು) ಇಲ್ಲ.

ಹಳೇ ಹಲಗೆ

ಟೂರಿಂಗ್ ಸ್ಕೀ, ಹಿಂದಕ್ಕೆ ಜಾರದ ಹಾಗೆ ಸ್ಕೀಯ ಅಡಿಗೆ ಅಂಟಿಸುವ ಸ್ಕಿನ್, ಬೂಟು ಎಲ್ಲ ಬಾಡಿಗೆಗೆ ಸಿಗುತ್ತವೆ, ಮುಂಚೆಯೇ ಹೇಳಿಡಬೇಕು. ಹತ್ತುವಾಗ ಟ್ರೇಲ್‌ನ ಅಂಚಿನಲ್ಲೇ ಹೋಗಿ, ಇಳಿಯುವವರಿಗೆ ನಡು ಬಿಡಿ. ಸಂಜೆ ನಾಲ್ಕಕ್ಕೇ ಕತ್ತಲು ಶುರು, ಹಾಗಾಗಿ ಬೆಳಗ್ಗೆ ಬೇಗ. ಟಾರ್ಚ್ ಇರಲಿ. ಗಸ್ತು ಪಡೆಯವರು ಬರುತ್ತಾರೆ ಅಂತ ನಂಬಿಕೊಂಡು ಒಬ್ಬರೇ ಹೋಗಬೇಡಿ. ಟಿಕೆಟ್ ಬುಕ್ ಆದ ಮೇಲೆ ಇಲ್ಲೇ ಬರೆಯಿರಿ, ಆ ವಾರ ಹಿಮ ಬಿದ್ದಿದ್ದರೆ ನಾನೂ ಬರುತ್ತೇನೆ.

ವಾಲ್ತಮ್‌ವಾಸಿ

ನಾನೂ ಸೇರುತ್ತೇನೆ, ಕಾರು ನನ್ನದು. ಸ್ಟೋ ವಿಷಯ ಮನೆಯಲ್ಲಿ ಮಾತಾಡಿದೆ. ಲಾಡ್ಜ್ ಬುಕ್ ಆಗಿದೆ, ಸ್ಕೀಗಳನ್ನು ಅಂಚಿಗೆ ಕೊಟ್ಟಿದ್ದೇನೆ. ಇವತ್ತು ಕೋಲಿನ ಹತ್ತಿರ ಇನ್ನೂ 31 ಇಂಚು ತೋರಿಸುತ್ತಿದೆ.

ಬರ್ಲಿಂಗ್ಟನ್ ಅಕ್ಕ

ಹಾಗಾದರೆ ಸದ್ಯಕ್ಕೆ ನೋಸ್ ಡೈವ್. ಗುರುವಾರ ರಾತ್ರಿ ವಾಯವ್ಯದ ಗಾಳಿ ಅಂತ ಮುನ್ಸೂಚನೆ ಇದೆ, ಶುಕ್ರವಾರ ಬೆಳಗ್ಗೆ ಗ್ರಾಫ್ ಇನ್ನೊಮ್ಮೆ ನೋಡಿ.